ಪಿಕಪ್‌ನಲ್ಲಿ ಪಶು ಆಹಾರ ಸಾಗಿಸುವುದು: ಎಷ್ಟು ಚೀಲ, ಎಲ್ಲಿ, ಹೇಗೆ

“ನಮ್ಮ ಪಿಕಪ್‌ಗೆ ಎಷ್ಟು ಚೀಲ ಹಾಕಬಹುದು?” ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವಾಗ ಗಾಡಿಯ ಹೆಸರು ಹೇಳುತ್ತಾರೆ, ಯಾವ ವರ್ಷದ್ದು ಅಂತಲೂ ಹೇಳುತ್ತಾರೆ. ಚೀಲ ಎಷ್ಟು ಕೆಜಿಯದು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೇ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ.

ಬಾಡಿಯಲ್ಲಿ ಇನ್ನೂ ಜಾಗ ಇದೆ ಅನ್ನುವುದು ಲೆಕ್ಕವಲ್ಲ. ಸ್ಪ್ರಿಂಗ್ ಇನ್ನೂ ಪೂರ್ತಿ ಕೂತಿಲ್ಲ ಅನ್ನುವುದೂ ಲೆಕ್ಕವಲ್ಲ. ಲೆಕ್ಕ ಇರುವುದು ಗಾಡಿಗೆ ಬಡಿದಿರುವ ತಗಡಿನ ಮೇಲೆ. ಇನ್ನೊಂದು ವಿಷಯವೂ ಇದೆ. ತೂಕ ಮಿತಿಯೊಳಗೇ ಇದ್ದರೂ ಚೀಲ ಇಟ್ಟ ಜಾಗ ತಪ್ಪಿದರೆ ಗಾಡಿ ಕೈಗೆ ಸಿಗುವುದಿಲ್ಲ. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಕೇಳುವವರು ಕಡಿಮೆ. (‘ಬಾಡಿ’ ಅಂದರೆ ಇಲ್ಲಿ ಕ್ಯಾಬಿನ್ ಹಿಂದೆ ಸರಕು ತುಂಬುವ ಭಾಗ.)

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಪೆನ್ನು, ಕಾಗದ. ಟೈರಿನ ಗಾಳಿ ಅಳೆಯುವ ಗೇಜ್. ಎರಡು ಟಾರ್ಪಾಲು. ನಾಲ್ಕು ರಾಚೆಟ್ ಬೆಲ್ಟ್, ಅಂದರೆ ಹಿಡಿ ಆಡಿಸಿ ಬಿಗಿ ಮಾಡುವ ಪಟ್ಟಿ. ಚಕ್ರಕ್ಕೆ ಕೊಡಲು ಎರಡು ಮರದ ತುಂಡು. ಒಂದು ಪೊರಕೆ. ಪೊರಕೆಯನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ. ಅದು ಯಾಕೆ ಬೇಕು ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಕಾಗದದ ಮೇಲೆ ಲೆಕ್ಕ

ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲೆ ನೋಡಿ. ಅಲ್ಲಿ ಇಲ್ಲದಿದ್ದರೆ ಬಾನೆಟ್ ಒಳಗೆ. ಒಂದು ಸ್ಟಿಕ್ಕರ್ ಅಥವಾ ತಗಡು ಇರುತ್ತದೆ. ಅದರಲ್ಲಿ ನಿಮಗೆ ಬೇಕಾದದ್ದು ಎರಡು ವಿಷಯ.

ಒಂದು, ಜಿವಿಡಬ್ಲ್ಯೂ. ಅಂದರೆ ಗಾಡಿ, ಡೀಸೆಲ್, ಜನ, ಸರಕು ಎಲ್ಲ ಸೇರಿ ಇದಕ್ಕಿಂತ ಜಾಸ್ತಿ ತೂಗಬಾರದು ಅನ್ನುವ ಮಿತಿ. ಎರಡು, ಆಕ್ಸಲ್ ಮಿತಿ. ಮುಂದಿನ ಎರಡು ಚಕ್ರ ಒಟ್ಟಿಗೆ ಎಷ್ಟು ಹೊರಬಹುದು, ಹಿಂದಿನವು ಎಷ್ಟು ಹೊರಬಹುದು ಅನ್ನುವುದು. ಖಾಲಿ ಗಾಡಿಯ ತೂಕ ಗಾಡಿಯ ಪುಸ್ತಕದಲ್ಲಿ ಅಥವಾ ನೋಂದಣಿ ಪತ್ರದಲ್ಲಿ ಸಿಗುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ಜಿವಿಡಬ್ಲ್ಯೂ 2,900 ಕೆಜಿ, ಖಾಲಿ ತೂಕ 1,650 ಕೆಜಿ ಅಂದುಕೊಳ್ಳಿ. ಉಳಿದದ್ದು 1,250. ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ “25 ಚೀಲ!” ಅನ್ನುತ್ತಾರೆ. ಸ್ವಲ್ಪ ತಾಳಿ. ನೀವು ಮತ್ತು ಜೊತೆಯವರು ಸೇರಿ 135 ಕೆಜಿ. ಬೆಲ್ಟು, ಟಾರ್ಪಾಲು, ಸಾಮಾನಿನ ಪೆಟ್ಟಿಗೆ, ಆಮೇಲೆ ಹಾಕಿಸಿದ ಕಬ್ಬಿಣದ ಗಾರ್ಡ್ ಇತ್ಯಾದಿ 60 ಕೆಜಿ. ಈಗ ಉಳಿದದ್ದು 1,055. ಅಂದರೆ 50 ಕೆಜಿಯ 21 ಚೀಲ. ನಾಲ್ಕು ಚೀಲ ಹೋಯಿತು, ಅಲ್ವಾ?

ಡೀಸೆಲ್ ವಿಷಯದಲ್ಲೂ ಹುಷಾರು. ಕೆಲವರ ಖಾಲಿ ತೂಕದಲ್ಲಿ ಟ್ಯಾಂಕ್ ತುಂಬಿದ ತೂಕ ಸೇರಿರುತ್ತದೆ, ಕೆಲವರದರಲ್ಲಿ ಇರುವುದಿಲ್ಲ. 60 ಲೀಟರ್ ಡೀಸೆಲ್ ಸುಮಾರು 50 ಕೆಜಿ. ಅಂದರೆ ಟ್ಯಾಂಕಿನೊಳಗೇ ಒಂದು ಚೀಲ ಕೂತಿದೆ ಅನ್ನಿ.

ಈ ತಲೆನೋವೆಲ್ಲ ಬೇಡ ಅಂದರೆ ಸುಲಭದ ದಾರಿ ವೇಬ್ರಿಡ್ಜ್. ಟ್ಯಾಂಕ್ ತುಂಬಿಸಿ, ಜೊತೆಯವರನ್ನು ಕೂರಿಸಿಕೊಂಡು, ಎಲ್ಲ ಸಾಮಾನು ಹಾಕಿಕೊಂಡು ಒಂದು ಸಲ ತೂಗಿಸಿ. ಜಿವಿಡಬ್ಲ್ಯೂನಿಂದ ಅದನ್ನು ಕಳೆದರೆ ಬರುವುದೇ ನಿಮ್ಮ ನಿಜವಾದ ಮಿತಿ. ಆ ಸಂಖ್ಯೆಯನ್ನು ಬಾಗಿಲ ಒಳಗೆ ಬರೆದಿಟ್ಟುಕೊಳ್ಳಿ. ಲೋಡ್ ಆದ ಮೇಲೆ ಮೊದಲ ಸಲ ಹೋಗುವಾಗ ಮತ್ತೆ ತೂಗಿಸಿ. ಈ ಸಲ ಮುಂದಿನ ಚಕ್ರ ತಟ್ಟೆಯಿಂದ ಹೊರಗಿಟ್ಟು, ಹಿಂದಿನ ಚಕ್ರ ಮಾತ್ರ ಒಳಗಿರುವಂತೆಯೂ ಒಂದು ಸಲ ತೂಗಿಸಿ. ಹಿಂದಿನ ಆಕ್ಸಲ್ ಮಿತಿ ದಾಟಿದೆಯಾ ಅಂತ ಆಗ ಗೊತ್ತಾಗುತ್ತದೆ. ಪಿಕಪ್‌ನಲ್ಲಿ ಒಟ್ಟು ತೂಕ ಸರಿಯಿದ್ದೂ ಹಿಂದಿನ ಆಕ್ಸಲ್ ಮಿತಿ ದಾಟುವುದು ಉಂಟು.

ಚೀಲದಲ್ಲಿ ಬಾರದ ಆಹಾರಕ್ಕೆ ಕಣ್ಣಳತೆ ನಂಬಬೇಡಿ. 2.4 ಮೀಟರ್ ಉದ್ದ, 1.6 ಮೀಟರ್ ಅಗಲದ ಬಾಡಿಗೆ 40 ಸೆಂಟಿಮೀಟರ್ ಎತ್ತರ ತುಂಬಿದರೆ ಒಂದೂವರೆ ಘನ ಮೀಟರ್ ಆಗುತ್ತದೆ. ಮೆಕ್ಕೆಜೋಳದ ಕಾಳು ಘನ ಮೀಟರಿಗೆ ಸುಮಾರು 720 ಕೆಜಿ, ಹಾಗಾಗಿ ಅದು 1,100 ಕೆಜಿ ದಾಟಿತು. ಗೋಧಿ ಬೂಸಾ ಘನ ಮೀಟರಿಗೆ 200ರಿಂದ 250 ಕೆಜಿ. ಅದೇ ಬಾಡಿ, ಅದೇ ಎತ್ತರ, ತೂಕ 400 ಕೆಜಿಯ ಒಳಗೇ. ಬೂಸಾ ತುಂಬಿ ಅಭ್ಯಾಸ ಆದವರು ಜೋಳ ತುಂಬುವಾಗ ಎಡವುವುದು ಇಲ್ಲೇ.

ಎಲ್ಲಕ್ಕಿಂತ ಮೋಸ ಮಾಡುವುದು ಕಾಕಂಬಿ. ಒಂದು ಲೀಟರ್ ಕಾಕಂಬಿ ಸುಮಾರು 1.4 ಕೆಜಿ. 1,000 ಲೀಟರ್ ಟ್ಯಾಂಕ್ ಅಂದರೆ ಒಂದು ಟನ್ ಅಂತ ಲೆಕ್ಕ ಹಾಕಿದವರು 400 ಕೆಜಿ ಜಾಸ್ತಿ ಹೇರಿಕೊಂಡು ಹೊರಡುತ್ತಾರೆ. ದ್ರವದ ಟ್ಯಾಂಕ್ ಅರ್ಧ ತುಂಬಿದ್ದರೆ ಇನ್ನೂ ಕಷ್ಟ. ತಿರುವಿನಲ್ಲಿ ದ್ರವ ಒಂದು ಪಕ್ಕಕ್ಕೆ ಸರಿದು ಗಾಡಿಯನ್ನೂ ಜೊತೆಗೆ ಎಳೆಯುತ್ತದೆ. ಸಣ್ಣ ಟ್ಯಾಂಕ್ ಪೂರ್ತಿ ತುಂಬಿಸಿ ಒಯ್ಯುವುದು ಒಳ್ಳೆಯದು.

ಹಂತ 2: ಟೈರು, ಸ್ಪ್ರಿಂಗು, ಬ್ರೇಕು

ಟೈರಿನ ಪಕ್ಕದಲ್ಲಿ ಅಳತೆ ಬರೆದಿರುತ್ತದಲ್ಲ, ಅದರ ಪಕ್ಕದಲ್ಲೇ 100, 104, 108 ಈ ಥರ ಒಂದು ಸಂಖ್ಯೆ ಇರುತ್ತದೆ. ಇದು ಲೋಡ್ ಇಂಡೆಕ್ಸ್, ಒಂದು ಟೈರ್ ಎಷ್ಟು ಹೊರಬಲ್ಲದು ಅನ್ನುವ ಸಂಕೇತ. 100 ಅಂದರೆ 800 ಕೆಜಿ, 104 ಅಂದರೆ 900, 108 ಅಂದರೆ 1,000, 112 ಅಂದರೆ 1,120. 112/110 ಅಂತ ಎರಡು ಇದ್ದರೆ ಮೊದಲನೆಯದು ಒಂಟಿ ಟೈರಿಗೆ, ಎರಡನೆಯದು ಜೋಡಿ ಟೈರಿಗೆ. ಹಳೆಯ ಟೈರ್ ತೆಗೆದು ಕಡಿಮೆ ಇಂಡೆಕ್ಸಿನ ಟೈರ್ ಹಾಕಿಸಿದ್ದರೆ ತಗಡಿನ ಮೇಲಿನ ಮಿತಿ ನಿಮಗೆ ಸಿಗುವುದಿಲ್ಲ. ಸ್ಟೆಪ್ನಿಯನ್ನೂ ನೋಡಿ. ದಾರಿಯಲ್ಲಿ ಅದೇ ಆ ಭಾರ ಹೊರಬೇಕು.

ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ, ಗಾಳಿ ನೋಡಿ. ಲೋಡ್ ಇದ್ದಾಗ ಎಷ್ಟು, ಖಾಲಿ ಇದ್ದಾಗ ಎಷ್ಟು ಅಂತ ಸ್ಟಿಕ್ಕರ್ ಮೇಲೆ ಬೇರೆ ಬೇರೆ ಕೊಟ್ಟಿರುತ್ತಾರೆ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಮಡಚಿ ಕಾಯುತ್ತದೆ. ಸಿಡಿಯುವುದು ಆ ಬಿಸಿಗೆ. ಇನ್ನು ದಾರಿ ಮಧ್ಯೆ ನೋಡಿ “ಗಾಳಿ ಜಾಸ್ತಿ ಆಗಿದೆ” ಅಂತ ತೆಗೆಯಬೇಡಿ. ಓಡಿದ ಟೈರಿನಲ್ಲಿ ಒತ್ತಡ ಏರುವುದು ಸಹಜ. ಬಿಸಿಯಲ್ಲಿ ಗಾಳಿ ತೆಗೆದರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ.

ಸ್ಪ್ರಿಂಗ್ ವಿಷಯ. “ಇನ್ನೆರಡು ಪಟ್ಟಿ ಸೇರಿಸಿದರೆ ಜಾಸ್ತಿ ಹೇರಬಹುದಾ?” ಇಲ್ಲ. ಪಟ್ಟಿ ಸೇರಿಸಿದರೆ ಗಾಡಿಯ ಹಿಂಭಾಗ ಕೂರುವುದು ಕಡಿಮೆಯಾಗುತ್ತದೆ, ಅಷ್ಟೇ. ಆಕ್ಸಲ್, ಬೇರಿಂಗ್, ಚಾಸಿ, ಬ್ರೇಕ್ ಎಲ್ಲ ಮೊದಲಿದ್ದವೇ ಇರುತ್ತವೆ.

ಇದರಲ್ಲಿ ಇನ್ನೊಂದು ಕಿತಾಪತಿಯೂ ಇದೆ. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿ ಒಂದು ವಾಲ್ವಿಗೆ ಸೇರಿರುತ್ತದೆ. ಅದರ ಹೆಸರು ಎಲ್‌ಎಸ್‌ಪಿವಿ. ಲೋಡ್ ಬಿದ್ದು ಚಾಸಿ ಕೆಳಗೆ ಬಂದಾಗ ಕಡ್ಡಿ ಸರಿಯುತ್ತದೆ, ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಹೋಗುತ್ತದೆ. ಖಾಲಿ ಇದ್ದಾಗ ಹಿಂದಿನ ಚಕ್ರ ಲಾಕ್ ಆಗದಿರಲಿ ಅಂತ ಕಡಿಮೆ ಕೊಡುತ್ತದೆ. ಪಟ್ಟಿ ಸೇರಿಸಿ ಗಾಡಿಯನ್ನು ಎತ್ತರಿಸಿದರೆ ಈ ವಾಲ್ವ್ ಲೋಡನ್ನೇ ಗುರುತಿಸುವುದಿಲ್ಲ. ಟನ್ ಭಾರ ಮೇಲಿರುವಾಗ ಖಾಲಿ ಗಾಡಿಯ ಬ್ರೇಕ್ ಕೊಡುತ್ತದೆ. ಈಗಾಗಲೇ ಪಟ್ಟಿ ಹಾಕಿಸಿದ್ದರೆ ಮೆಕ್ಯಾನಿಕ್‌ಗೆ ಹೇಳಿ ಆ ಕಡ್ಡಿಯನ್ನು ಸರಿಹೊಂದಿಸಿಕೊಳ್ಳಿ.

ಹಂತ 3: ಬಾಡಿ ಗುಡಿಸುವುದು

ಇದು ಸುಮ್ನೆ ಸ್ವಚ್ಛತೆಗೆ ಹೇಳುವ ಮಾತಲ್ಲ. ಹಿಂದಿನ ಟ್ರಿಪ್ಪಿನಲ್ಲಿ ಏನಿತ್ತು ಅಂತ ನೆನಪು ಮಾಡಿಕೊಳ್ಳಿ. ಯೂರಿಯಾ ತಂದಿದ್ದರೆ ಬಾಡಿಯ ಮೂಲೆಯಲ್ಲಿ, ಹಿಂಬಾಗಿಲ ಕೀಲಿನ ಸಂದಿಯಲ್ಲಿ ಬಿಳಿ ಕಾಳು ಉಳಿದಿರುತ್ತದೆ. ಸಕ್ಕರೆ ಥರ ಕಾಣುತ್ತದೆ. ಹರಿದ ಚೀಲದಿಂದ ಚೆಲ್ಲಿದ ಹಿಂಡಿಯನ್ನು ಬಾಚಿ ತೊಟ್ಟಿಗೆ ಹಾಕುವಾಗ ಅದೂ ಜೊತೆಗೆ ಹೋಗುತ್ತದೆ. ಯೂರಿಯಾ ಒಮ್ಮೆಲೇ ಜಾಸ್ತಿ ಹೊಟ್ಟೆಗೆ ಹೋದರೆ ದನ ಸಾಯಬಹುದು. ಕೀಟನಾಶಕ, ಒಡೆದ ಗಾಜು, ಮೊಳೆ, ತಂತಿ ಚೂರು ಇವೂ ಅಷ್ಟೇ ಅಪಾಯ.

ಬೇರೆ ಬೇರೆ ಪ್ರಾಣಿಗಳ ಆಹಾರ ಒಂದೇ ಗಾಡಿಯಲ್ಲಿ ತರುವವರು ಇದನ್ನೂ ಗಮನಿಸಿ. ದನದ ಮತ್ತು ಕೋಳಿಯ ಕೆಲವು ಆಹಾರಗಳಲ್ಲಿ ಮೊನೆನ್ಸಿನ್ ಅನ್ನುವ ಔಷಧ ಸೇರಿಸಿರುತ್ತಾರೆ. ಅವಕ್ಕೆ ಅದು ಸರಿ. ಕುದುರೆಗೆ ಮಾತ್ರ ಸ್ವಲ್ಪ ಹೋದರೂ ವಿಷ, ಹೃದಯವನ್ನೇ ಹಾಳು ಮಾಡುತ್ತದೆ. ಕುರಿಗೆ ತಾಮ್ರ ಆಗಿಬರುವುದಿಲ್ಲ, ಯಕೃತ್ತಿನಲ್ಲಿ ಕೂಡುತ್ತಾ ಹೋಗುತ್ತದೆ. ದನದ ಮಿಶ್ರಣದಲ್ಲಿ ತಾಮ್ರ ಜಾಸ್ತಿ ಇರುತ್ತದೆ. ಹಾಗಾಗಿ ಚೆಲ್ಲಿದ್ದು ಯಾವ ಚೀಲದ್ದು ಅಂತ ಗೊತ್ತಿಲ್ಲದಿದ್ದರೆ ಯಾವುದಕ್ಕೂ ಹಾಕಬೇಡಿ.

ಗುಡಿಸಿ, ಬೇಕಿದ್ದರೆ ತೊಳೆದು, ಪೂರ್ತಿ ಒಣಗಿಸಿ. ಒದ್ದೆ ಬಾಡಿಗೆ ಚೀಲ ಇಟ್ಟರೆ ಕೆಳಗಿನ ಸಾಲು ತೇವ ಎಳೆದುಕೊಳ್ಳುತ್ತದೆ. ಒಂದು ಟಾರ್ಪಾಲು ಕೆಳಗೆ ಹಾಸಿ.

ಹಂತ 4: ಹೇರುವುದು

ನಿಧಾನವಾಗಿ ಮಾಡಬೇಕಾದ ಹಂತ ಇದು. ಹೇರುವವರು ಅವಸರದಲ್ಲಿರುತ್ತಾರೆ. ಹಿಂಬಾಗಿಲ ಹತ್ತಿರ ತಂದು ತಂದು ಬಿಸಾಡುತ್ತಾರೆ. ಬಿಡಬೇಡಿ, ಪಕ್ಕದಲ್ಲೇ ನಿಂತು ಜಾಗ ತೋರಿಸಿ.

ಮೊದಲ ಚೀಲ ಕ್ಯಾಬಿನ್ ಹಿಂದಿನ ಗೋಡೆಗೆ ತಾಗಿರಲಿ, ಸಂದಿ ಬಿಡಬೇಡಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಲೋಡಿನ ನಟ್ಟನಡು ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಬರಬೇಕು. ಎಡ-ಬಲ ಸಮ ಇರಬೇಕು.

ಯಾಕೆ ಅಂತ ಲೆಕ್ಕ ನೋಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3 ಮೀಟರ್ ಅಂತರ ಇದೆ ಅಂದುಕೊಳ್ಳಿ. 1,000 ಕೆಜಿ ಲೋಡಿನ ನಡು ಹಿಂದಿನ ಆಕ್ಸಲ್‌ಗಿಂತ 30 ಸೆಂಟಿಮೀಟರ್ ಮುಂದೆ ಇದ್ದರೆ, ಹಿಂದಿನ ಚಕ್ರಗಳ ಮೇಲೆ 900 ಕೆಜಿ, ಮುಂದಿನವುಗಳ ಮೇಲೆ 100 ಕೆಜಿ ಬೀಳುತ್ತದೆ. ಈಗ ಕೊನೆಯಲ್ಲಿ “ಇನ್ನಾರು ಚೀಲ ಬಾಗಿಲ ಹತ್ತಿರ ಇಡೋಣ” ಅಂದರು. 300 ಕೆಜಿ, ಆಕ್ಸಲ್‌ಗಿಂತ 60 ಸೆಂಟಿಮೀಟರ್ ಹಿಂದೆ. ಅದು ಹಿಂದಿನ ಚಕ್ರಗಳ ಮೇಲೆ 300 ಅಲ್ಲ, 360 ಕೆಜಿ ಹಾಕುತ್ತದೆ. ಆ ಹೆಚ್ಚಿನ 60 ಕೆಜಿ ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ. ಏತದ ಹಾಗೆ ಹಿಂದೆ ಒತ್ತಿದರೆ ಮುಂದೆ ಎದ್ದಿತು.

ಮುಂದೆ ಎದ್ದ ಗಾಡಿ ಓಡಿಸಿದ ನೆನಪು ನನಗಿದೆ. ಸ್ಟೇರಿಂಗ್ ಬೆಣ್ಣೆ ಥರ ಹಗುರ. “ಆಹಾ, ಚೆನ್ನಾಗಿ ತಿರುಗುತ್ತಿದೆ” ಅಂತ ಮೊದಲು ಖುಷಿಯಾಯಿತು. ಒಂದು ಉಬ್ಬು ಹತ್ತಿ ಇಳಿಯುವಾಗ ಸ್ಟೇರಿಂಗ್ ತಿರುಗಿತು, ಗಾಡಿ ಮಾತ್ರ ನೇರ ಹೋಯಿತು. ಅಲ್ಲೇ ಪಕ್ಕಕ್ಕೆ ಹಾಕಿ ಚೀಲ ಮುಂದಕ್ಕೆ ಜರುಗಿಸಿದ್ದಾಯಿತು.

ಚೀಲ ಜೋಡಿಸುವುದು ಇಟ್ಟಿಗೆ ಗೋಡೆ ಕಟ್ಟಿದ ಹಾಗೆ. ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ. ಕೆಳಗಿನ ಎರಡು ಚೀಲದ ಸಂದಿಯ ಮೇಲೆ ಮೇಲಿನ ಚೀಲದ ನಡು ಬರಲಿ. ಚೀಲದ ಬಾಯಿ ಒಳಮುಖವಾಗಿರಲಿ, ಹೊಲಿಗೆ ಬಿಚ್ಚಿದರೂ ಚೆಲ್ಲುವುದಿಲ್ಲ. ಮೇಲಿನ ಸಾಲು ಸ್ವಲ್ಪ ಒಳಗೆ ಸರಿದಿರಲಿ. ಪ್ಲಾಸ್ಟಿಕ್ ನೂಲಿನ ಚೀಲ ಗೋಣಿಗಿಂತ ಬೇಗ ಜಾರುತ್ತದೆ, ಅದನ್ನು ಎತ್ತರಕ್ಕೆ ಪೇರಿಸಬೇಡಿ.

ಬೇರೆ ಬೇರೆ ತೂಕದ ಚೀಲ ಇದ್ದರೆ ಭಾರದ್ದು ಕೆಳಗೆ ಮತ್ತು ಮುಂದೆ, ಬೂಸಾದಂಥ ಹಗುರದ್ದು ಮೇಲೆ ಮತ್ತು ಹಿಂದೆ. ಮೊದಲು ಇಳಿಸಬೇಕಾದದ್ದು ಭಾರದ್ದೇ ಆದರೂ ಅದನ್ನು ಹಿಂದೆ ಇಡಬೇಡಿ. ಇಳಿಸುವಾಗ ಎರಡು ಚೀಲ ಜರುಗಿಸುವ ಕಷ್ಟಕ್ಕೆ ಹೆದರಬೇಡಿ.

ಒಣಹುಲ್ಲಿನ ಸಮಸ್ಯೆ ತೂಕವಲ್ಲ, ಎತ್ತರ. ಗಾಳಿ ಹಿಡಿಯುತ್ತದೆ, ತಿರುವಿನಲ್ಲಿ ವಾಲುತ್ತದೆ, ದಾರಿ ಮೇಲಿನ ಕರೆಂಟ್ ತಂತಿಗೆ ತಾಗುತ್ತದೆ. ಹುಲ್ಲಿನ ಕಟ್ಟಿನೊಳಗೆ ಕೈ ತೂರಿಸಿ ನೋಡಿ. ಬೆಚ್ಚಗಿದ್ದರೆ ಹೇರಬೇಡಿ. ಹಸಿ ಉಳಿದ ಹುಲ್ಲು ಒಳಗೊಳಗೇ ಕಾಯುತ್ತದೆ, ಹೊರಗಿನ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. ಸೈಲೆನ್ಸರ್ ಕೊಳವೆಯ ಮೇಲೆ ಹುಲ್ಲಿನ ಚೂರು ಬಿದ್ದಿದೆಯಾ ಅಂತಲೂ ಬಗ್ಗಿ ನೋಡಿ.

ಎತ್ತುವವರ ಬೆನ್ನಿನ ಬಗ್ಗೆಯೂ ಎರಡು ಮಾತು. ಅಮೆರಿಕದ ನಿಯೋಶ್ ಸಂಸ್ಥೆ ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುತ್ತದೆ. ಅದರ ಲೆಕ್ಕದಲ್ಲಿ ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಕೈಯಲ್ಲಿ ಎತ್ತುವ ಭಾರದ ಮಿತಿ 23 ಕೆಜಿ. 50 ಕೆಜಿ ಚೀಲ ಅದರ ಎರಡರಷ್ಟಕ್ಕಿಂತ ಜಾಸ್ತಿ. ಇಬ್ಬರು ಹಿಡಿಯಿರಿ, ಇಲ್ಲವೇ 25 ಕೆಜಿ ಚೀಲ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಚೀಲ ಹಿಡಿದುಕೊಂಡು ಸೊಂಟ ತಿರುಗಿಸಬೇಡಿ, ಕಾಲನ್ನೇ ತಿರುಗಿಸಿ.

ಹಂತ 5: ಕಟ್ಟುವುದು, ಮುಚ್ಚುವುದು

“ಇಷ್ಟು ಭಾರ ಇದೆ, ಎಲ್ಲಿಗೆ ಹೋಗುತ್ತೆ?” ಅನ್ನುವವರಿದ್ದಾರೆ. ಹೋಗುತ್ತದೆ. ಸರಕು ಕಟ್ಟುವುದಕ್ಕೆ ಯುರೋಪಿನಲ್ಲಿ ಇಎನ್ 12195-1 ಅನ್ನುವ ಮಾನದಂಡ ಇದೆ. ಅದರ ಪ್ರಕಾರ ಕಟ್ಟು ತಡೆಯಬೇಕಾದ ಬಲ ಮುಂದಕ್ಕೆ ಸರಕಿನ ತೂಕದ 0.8 ಪಾಲು, ಪಕ್ಕಕ್ಕೂ ಹಿಂದಕ್ಕೂ 0.5 ಪಾಲು. ಒಂದು ಟನ್ ಹಿಂಡಿ ಜೋರು ಬ್ರೇಕಿಗೆ 800 ಕೆಜಿಯಷ್ಟು ಬಲದಲ್ಲಿ ನಿಮ್ಮ ಬೆನ್ನ ಹಿಂದೆ ಬಂದು ಒತ್ತುತ್ತದೆ. ಮೊದಲ ಸಾಲು ಕ್ಯಾಬಿನ್ ಗೋಡೆಗೆ ತಾಗಿರಲಿ ಅಂದದ್ದು ಇದಕ್ಕೇ. ಸಂದಿ ಇದ್ದರೆ ಒತ್ತುವುದಿಲ್ಲ, ಓಡಿ ಬಂದು ಗುದ್ದುತ್ತದೆ.

ಬೆಲ್ಟ್ ಬಾಡಿಯ ಕೊಂಡಿಗೆ ಹಾಕಿ, ಪಕ್ಕದ ತಗಡಿನ ಅಂಚಿಗಲ್ಲ. ಬೆಲ್ಟಿಗೆ ಗಂಟು ಹಾಕಬೇಡಿ, ಗಂಟು ಬಿದ್ದ ಕಡೆ ಅದರ ಬಲ ಅರ್ಧದಷ್ಟು ಇಳಿಯುತ್ತದೆ. ಚೂಪು ಅಂಚು ಇದ್ದ ಕಡೆ ಮಡಚಿದ ಗೋಣಿ ಕೊಡಿ. ಹಿಂಬಾಗಿಲನ್ನೇ ನಂಬಿ ಚೀಲ ಒರಗಿಸಬೇಡಿ.

ಎರಡು ಟಾರ್ಪಾಲು ಹಾಕುವುದಾದರೆ ಮೊದಲು ಹಿಂದಿನದು, ಆಮೇಲೆ ಮುಂದಿನದು. ಮುಂದಿನದರ ಅಂಚು ಹಿಂದಿನದರ ಮೇಲೆ ಬರಲಿ, ಹೆಂಚು ಹೊದಿಸಿದ ಹಾಗೆ. ಉಲ್ಟಾ ಹಾಕಿದರೆ ಗಾಳಿ ಸಂದಿಯೊಳಗೆ ನುಗ್ಗಿ ಎಬ್ಬಿಸುತ್ತದೆ, ಮಳೆಯೂ ಒಳಗೆ ಹೋಗುತ್ತದೆ.

ನೆನೆದ ಚೀಲವನ್ನು “ಒಣಗಿಸಿದರೆ ಆಯ್ತು” ಅಂತ ಬಿಡಬೇಡಿ. ತೇವದಲ್ಲಿ ಬೆಳೆಯುವ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತಾ ಹೋಗಿ ಕಡಲೆಕಾಯಿ ಹಿಂಡಿಯಲ್ಲಿ ಸಿಕ್ಕಿದ್ದು ಇದೇ. ಹಸು ತಿಂದರೆ ಇದರ ಒಂದು ರೂಪ ಹಾಲಿಗೂ ಬರುತ್ತದೆ. ಬೂಷ್ಟು ಒರೆಸಿದರೆ, ಬಿಸಿಲಿಗೆ ಹಾಕಿದರೆ ವಿಷ ಹೋಗುವುದಿಲ್ಲ.

ಹಂತ 6: ದಾರಿಯಲ್ಲಿ

ಹೊರಡುವ ಮುಂಚೆ ಹೆಡ್‌ಲೈಟ್ ನೋಡಿ. ಹಿಂದೆ ಕೂತ ಗಾಡಿಯ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬೆಳಕು ತಗ್ಗಿಸುವ ಸಣ್ಣ ಗುಂಡಿ ಇದ್ದರೆ ತಿರುಗಿಸಿ.

ಲೋಡಿನ ಮೇಲೆ ಯಾರನ್ನೂ ಕೂರಿಸಬೇಡಿ. ಈ ಮಾತಿಗೆ ವಿನಾಯಿತಿ ಇಲ್ಲ.

ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟು. ಆ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಇಳಿಜಾರು ಶುರುವಾಗುವ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ. ಅದೇ ದಾರಿ ಹತ್ತಲು ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯಲೂ ಅದೇ ಗೇರ್. ನ್ಯೂಟ್ರಲ್‌ನಲ್ಲಿ ಬಿಟ್ಟು ಡೀಸೆಲ್ ಉಳಿಸುವ ಆಸೆ ಬೇಡವೇ ಬೇಡ. ಬ್ರೇಕ್ ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಾನಾಗಿ ತಣ್ಣಗಾಗಲು ಬಿಡಿ. ನೀರು ಸುರಿದರೆ ಕಾದ ಡ್ರಮ್ಮು, ಡಿಸ್ಕು ಬಿರುಕು ಬಿಡಬಹುದು.

ಹೊರಟು ಏಳೆಂಟು ಕಿಲೋಮೀಟರ್ ಆದ ಮೇಲೆ ಒಂದು ಸಲ ನಿಲ್ಲಿಸಿ. ಚೀಲಗಳು ಕುಲುಕಿ ಕೂತಿರುತ್ತವೆ, ಬೆಲ್ಟ್ ಸಡಿಲವಾಗಿರುತ್ತದೆ. ಮತ್ತೆ ಬಿಗಿ ಮಾಡಿ. ಹಾಗೇ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಂಬದಿ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಪಕ್ಕದ್ದು ಇನ್ನೊಂದಕ್ಕಿಂತ ತುಂಬಾ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕೈಕೊಡುತ್ತಿದೆ.

ಹಂತ 7: ಇಳಿಸುವುದು

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಮರದ ತುಂಡು ಕೊಡಿ. ಹಿಂಬಾಗಿಲು ತೆಗೆಯುವಾಗ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ನಿಂತು ತೆಗೆಯಿರಿ. ದಾರಿಯಲ್ಲಿ ಜಾರಿ ಬಂದ ಚೀಲ ಬಾಗಿಲಿಗೇ ಒರಗಿ ಕೂತಿರಬಹುದು.

ಇಳಿಸುವುದು ಹಿಂದಿನಿಂದ ಮುಂದಕ್ಕೆ, ಮೇಲಿನಿಂದ ಕೆಳಕ್ಕೆ. ಎರಡು ಕಡೆ ಇಳಿಸಬೇಕಾದವರು ಇಲ್ಲಿ ತಪ್ಪು ಮಾಡುತ್ತಾರೆ. ಮೊದಲ ಕಡೆ ಮುಂದಿನ ಚೀಲಗಳನ್ನು ಪಕ್ಕದ ಬಾಗಿಲಿನಿಂದ ಇಳಿಸಿ, ಹಿಂಬಾಗಿಲ ಹತ್ತಿರದವನ್ನು ಅಲ್ಲೇ ಬಿಟ್ಟು ಹೊರಡುತ್ತಾರೆ. ಈಗ ಕ್ಯಾಬಿನ್ ಗೋಡೆಗೂ ಚೀಲಕ್ಕೂ ಮಧ್ಯೆ ಖಾಲಿ, ಭಾರವೆಲ್ಲ ಆಕ್ಸಲ್ ಹಿಂದೆ. ತೂಕ ಅರ್ಧ ಆಗಿದೆ ಅನ್ನುವ ಧೈರ್ಯ ಬೇರೆ. ಉಳಿದ ಚೀಲಗಳನ್ನು ಮುಂದಕ್ಕೆ ತಳ್ಳಿ, ಮತ್ತೆ ಕಟ್ಟಿ, ಆಮೇಲೆ ಹೊರಡಿ.

ಎಲ್ಲ ಇಳಿದ ಮೇಲೆ ಲೋಡಿಗೆ ಅಂತ ಏರಿಸಿದ್ದ ಟೈರಿನ ಗಾಳಿಯನ್ನು, ತಣ್ಣಗಾದ ಮೇಲೆ, ಖಾಲಿ ಗಾಡಿಯ ಅಳತೆಗೆ ಇಳಿಸಿ. ಹೆಡ್‌ಲೈಟ್ ಗುಂಡಿಯನ್ನು ಮೊದಲಿನ ಜಾಗಕ್ಕೆ ತನ್ನಿ. ಮತ್ತೆ ಪೊರಕೆ ಹಿಡಿಯಿರಿ. ಹಿಂಬಾಗಿಲ ಕೀಲಿನ ಸಂದಿಯಲ್ಲಿ ಹಿಡಿಯಷ್ಟು ಹಿಂಡಿ ಬಿಟ್ಟರೆ ರಾತ್ರಿ ಇಲಿ ಬರುತ್ತದೆ, ಬಂದ ಇಲಿ ವೈರಿಂಗ್ ಕೂಡ ಕಡಿದು ಹೋಗುತ್ತದೆ.